ಬೆನ್ನ ಹಿಂದಿನ ಹೂಂ

ಗೋಡೆಯಕ್ಕನನ್ನು ಹಿಂದಿನಿಂದ ಕರೆದು ತಿರುಗಿಸಿದ ಗಂಡಸಾಗಲಿ ಹೆಂಗಸಾಗಲಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂಬುದು ಊರಿನ ಅಚಲ ನಂಬಿಕೆ. ಹೊಳೆ ತಿರುಗೀತು, ಗಾಳಿ ತಿರುಗೀತು, ಅತ್ತೆಯ ಮನಸ್ಸು ಕೂಡ ಒಂದಲ್ಲ ಒಂದು ದಿನ ತಿರುಗೀತು. ಗೋಡೆಯಕ್ಕನ ಕತ್ತು ಮಾತ್ರ ತಿರುಗದು. ಒಮ್ಮೆ ಮಾರುಕಟ್ಟೆಯ ಇಳಿಜಾರಿನಲ್ಲಿ ಕಲ್ಲಂಗಡಿ ತುಂಬಿದ ತಳ್ಳುಗಾಡಿಯೊಂದು ಒಡೆಯನ ಕೈತಪ್ಪಿ, ಆಕೆಯ ಬೆನ್ನಿಗೇ ಗುರಿಯಿಟ್ಟು ಉರುಳಿ ಬಂತಂತೆ. "ಅಕ್ಕಾ, ಹಿಂದೆ ನೋಡೇ!" ಎಂದು ಬೀದಿಗೆ ಬೀದಿಯೇ ಬಾಯಿ ಬಡಿದುಕೊಂಡಿತಂತೆ. ಆಕೆ ತಿರುಗಲಿಲ್ಲ. ಕೊನೆಗೆ ಗಾಡಿಗೇ ನಾಚಿಕೆಯಾಗಿ ದೀಪದ ಕಂಬಕ್ಕೆ ಹೋಗಿ ಗುದ್ದಿಕೊಂಡಿತಂತೆ. ಕಾಲ ಬಳಿ ಉರುಳಿ ಬಂದ ಹಣ್ಣೊಂದನ್ನು ಎತ್ತಿ, "ಯಾರದೋ ಬಿದ್ದೋಗಿದೆ ನೋಡ್ರಿ" ಎಂದು ಎದುರಿಗೆ ಬಂದವನ ಕೈಗಿಟ್ಟು ನಡೆದಳಂತೆ. ಮದುವೆಯ ದಿನ ಫೋಟೊದವನು ಹಿಂದಿನಿಂದ ಕರೆದೂ ಕರೆದೂ ಸೋತು, ಆಲ್ಬಮ್ಮಿನ ಅರ್ಧದಷ್ಟು ಬರೀ ಜಡೆಯ ಫೋಟೊ ಹಾಕಿಕೊಟ್ಟ ಎಂಬ ಕಥೆಯೂ ಇದೆ. ಮದುವೆಯ ಹೊತ್ತಿಗೆ ಆಕೆ ಇನ್ನೂ ವಾಲಿಬಾಲ್ ಚೆಂಡನ್ನೇ ಮುಟ್ಟಿರಲಿಲ್ಲವಲ್ಲ ಎಂದು ಯಾರಾದರೂ ತಕರಾರು ತೆಗೆದರೆ, "ಅದು ಹುಟ್ಟುಗುಣ ಕಣಯ್ಯ" ಎಂದು ಊರಿನವರು ಬಾಯಿ ಮುಚ್ಚಿಸುತ್ತಾರೆ.

ಹುಟ್ಟುಗುಣವೂ ಅಲ್ಲ, ಕತ್ತಿನ ದೋಷವೂ ಅಲ್ಲ. ಆಟ ಕಲಿಸಿದ ಅಭ್ಯಾಸ ಅದು.

ಕಡಲ ದಂಡೆಯ ಮರಳಿನಲ್ಲಿ ಆಡುವ ವಾಲಿಬಾಲಿಗೆ ಒಂದು ಕಡೆಗೆ ಇಬ್ಬರೇ. ಬೆಂಚಿನ ಮೇಲೆ ಕಾಯುವ ಮೂರನೆಯವಳಿಲ್ಲ. ಒಬ್ಬಳ ಕಾಲು ಉಳುಕಿದರೆ, ಒಬ್ಬಳಿಗೆ ತಲೆ ತಿರುಗಿದರೆ, ಇಬ್ಬರೂ ಗಂಟುಮೂಟೆ ಕಟ್ಟಿ ಮನೆಗೆ ಹೋಗಬೇಕು. ಇಬ್ಬರಲ್ಲಿ ಒಬ್ಬಳು ಹಿಂದಿನ ಗೆರೆಯಿಂದ ಚೆಂಡನ್ನು ಆಚೆಗೆ ಹೊಡೆಯುವಾಗ ಇನ್ನೊಬ್ಬಳು ಬಲೆಯ ಬಳಿ ಎದುರಾಳಿಗಳಿಗೆ ಮುಖಮಾಡಿ ನಿಂತು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ ಬೆರಳಿನಲ್ಲಿ ಸನ್ನೆ ಮಾಡುತ್ತಾಳೆ. ಒಂದು ಬೆರಳೆಂದರೆ, "ನೇರ ಬರುವ ಹೊಡೆತಕ್ಕೆ ನಾನು ಅಡ್ಡ ನಿಲ್ತೀನಿ, ಓರೆಯದು ನಿಂದು." ಎರಡು ಬೆರಳೆಂದರೆ ಅದರ ತಿರುವುಮುರುವು. ಹಿಂದಿನವಳು ನೋಡಿ "ಹೂಂ" ಎನ್ನುತ್ತಾಳೆ. ಬಲೆಯ ಬಳಿ ನಿಂತವಳು ಆ ಹೊತ್ತಿನಲ್ಲಿ ಹಿಂದಿರುಗಿ ನೋಡಿದಳೋ, ಇವರಲ್ಲೇನೋ ಗಲಿಬಿಲಿ ಎಂದು ಎದುರಿನವರಿಗೆ ಸುಳಿವು ಕೊಟ್ಟಂತೆ. ಆದ್ದರಿಂದ ಗೋಡೆಯಕ್ಕ ನೋಡಲಿಲ್ಲ. ಆರಡಿಗೆ ಅರ್ಧ ಗೇಣು ಕಡಿಮೆಯಿದ್ದ ಆಕೆ ಎರಡೂ ಕೈ ಎತ್ತಿ ಜಿಗಿದರೆ ಆಚೆಯವರಿಗೆ ಸಮುದ್ರವೇ ಕಾಣುತ್ತಿರಲಿಲ್ಲ, ಹಾಗಾಗಿ ಗೋಡೆ. ದೇಶದ ಚಾಂಪಿಯನ್ ಪಟ್ಟ ನಾಲ್ಕು ಸಲ ಆಕೆಯ ಮನೆಗೆ ಬಂದಿತ್ತು. ಅಂದರೆ, ಅವರಿಬ್ಬರ ಮನೆಗೆ. ಏಕೆಂದರೆ ಇಬ್ಬರ ಮನೆಯೂ ಒಂದೇ.

ಜೊತೆಗಾತಿ ಅಕ್ಕತಂಗಿಯಲ್ಲ, ಗೆಳತಿಯೂ ಅಲ್ಲ. ಸ್ವಂತ ವಾರಗಿತ್ತಿ! ಅಣ್ಣನ ಹೆಂಡತಿ ಗೋಡೆ, ತಮ್ಮನ ಹೆಂಡತಿ ಮಿಡತೆ. ಮಿಡತೆಯೆಂಬ ಹೆಸರು ಆಕೆಗೆ ಬಂದದ್ದು ಮೊಣಕಾಲೆತ್ತರದ ಮರಳು ಎಬ್ಬಿಸುತ್ತ ಮೂಲೆಯಿಂದ ಮೂಲೆಗೆ ಹಾರಿ, ಇನ್ನೇನು ನೆಲ ಮುಟ್ಟಬೇಕಿದ್ದ ಚೆಂಡನ್ನು ಎತ್ತುತ್ತಿದ್ದುದಕ್ಕೆ. ವಾರಗಿತ್ತಿಯರು ಒಂದೇ ಒಲೆಯಲ್ಲಿ ಹಾಲು ಕಾಯಿಸಿದರೆ ಒಡೆಯುತ್ತದೆ ಎನ್ನುವ ಜನ, ಇವರು ಒಂದೇ ಬಲೆಯ ಕೆಳಗೆ ಆಡಿ ಗೆಲ್ಲುತ್ತಿದ್ದುದನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆದರೆ ಹಾಲೇನೂ ಒಡೆಯದೆ ಉಳಿದಿರಲಿಲ್ಲ. ಇಕ್ಕಟ್ಟಾದ ಮನೆ, ಒಂದೇ ಬಚ್ಚಲು, ಮಹಡಿಯ ಮೇಲೆ ಒಂದೇ ಬಟ್ಟೆ ಒಣಗಿಸುವ ತಂತಿ. ಮರಳಿನ ಮೇಲೆ ಇಬ್ಬರೂ ಕೂಗುತ್ತಿದ್ದ ಮಾತುಗಳು ಎರಡೇ, "ನಂದು!", "ನಿಂದು!" ಮನೆಯಲ್ಲಿ ಜಗಳಕ್ಕೂ ಅವೇ ಎರಡು ಸಾಕಾಗುತ್ತಿದ್ದವು.

"ಇಬ್ರಿಗೂ ಒಂದೊಂದು ಪೀಪಿ ತಂದುಕೊಡೋ," ಎಂದು ಅತ್ತೆ ದೊಡ್ಡ ಮಗನಿಗೆ ಹೇಳುತ್ತಿದ್ದಳು. "ಊದ್ಕೊಂಡು ಆಡ್ಲಿ. ನಾನು ನಡುವೆ ರೆಫ್ರಿ ಆಗಿ ಸಾಯ್ತಿದೀನಿ."

ಬಸ್ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುವ ದೊಡ್ಡ ಮಗ, ಕಟಿಂಗ್ ಶಾಪ್ ಇಟ್ಟಿದ್ದ ಚಿಕ್ಕ ಮಗ, ಇಬ್ಬರೂ ಇಂಥ ಹೊತ್ತಿನಲ್ಲಿ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಅದು ಅವರ ಬಾಳಿನ ಬಹುದೊಡ್ಡ ಜಾಣತನ.

ಕೆಲಸವೂ ಇಬ್ಬರಿಗೂ ಒಂದೇ ಕಡೆ. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿ. ಬಿಸಿ ಉಗಿ, ಸೋಡಾ ವಾಸನೆ, ಗುಡುಗುವ ಯಂತ್ರಗಳು, ಮತ್ತು ಬೆಳಗಿನಿಂದ ಸಂಜೆಯವರೆಗೆ ಮುಗಿಯದ ಹಾಸಿಗೆ ಹೊದಿಕೆಗಳು. ಹೊದಿಕೆ ಮಡಚಲು ಇಬ್ಬರು ಬೇಕು. ಎರಡು ತುದಿ ಈಕೆ, ಎರಡು ತುದಿ ಆಕೆ ಹಿಡಿದು, ಜಾಡಿಸಿ, ಎಳೆದು, ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಕೈ ಯಾವಾಗ ಸಡಿಲ ಬಿಡಬೇಕು, ಯಾವಾಗ ಬಿಗಿ ಹಿಡಿಯಬೇಕು ಎಂಬುದು ಬಾಯಿಬಿಡದೆ ಗೊತ್ತಾಗಬೇಕು. ಅಲ್ಲಿಯೇ ಅವರು ಒಬ್ಬರನ್ನೊಬ್ಬರು ಓದಲು ಕಲಿತದ್ದು. ಬಂದರಿನ ಹಮಾಲರ ತಂಡಕ್ಕೂ ಆಸ್ಪತ್ರೆಯ ನೌಕರರಿಗೂ ಒಂದು ಭಾನುವಾರ ಪಂದ್ಯ ಏರ್ಪಟ್ಟಾಗ, ಆಡಬೇಕಿದ್ದ ಇಬ್ಬರು ನರ್ಸುಗಳು ಕೈಕೊಟ್ಟರು. "ಯಾರಾದ್ರೂ ಇಬ್ರು ನಿಂತ್ಕೊಳ್ರಮ್ಮ, ಮರ್ಯಾದೆ ಪ್ರಶ್ನೆ" ಎಂದು ಮೇಸ್ತ್ರಿ ಗೋಗರೆದ. ಇಬ್ಬರೂ ಲಾಂಡ್ರಿಯ ಏಪ್ರನ್ ಬಿಚ್ಚದೆಯೇ ಹೋಗಿ ನಿಂತರು. ಹಮಾಲರು ಮೊದಲು ನಕ್ಕರು. ಆಮೇಲೆ ನಗಲಿಲ್ಲ.

ಅಲ್ಲಿಂದ ಶುರುವಾದ ದಿಗ್ವಿಜಯವನ್ನು ವರ್ಣಿಸಲು ಹೊರಟರೆ ಕಾಗದ ಸಾಲದು. ಜಿಲ್ಲೆ ಬಿತ್ತು, ಪ್ರಾಂತ್ಯ ಬಿತ್ತು, ಕಡೆಗೆ ದೇಶವೂ ಬಿತ್ತು. ಬಣ್ಣದ ಕನ್ನಡಕ ಹಾಕಿ, ಕೋಚುಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ರಾಜಧಾನಿಯ ಹುಡುಗಿಯರು ಬಿದ್ದರು. ಊರಿನವರು ವಿಶೇಷವಾಗಿ ಬಣ್ಣಿಸುತ್ತಿದ್ದುದು ಎದುರಾಳಿಗಳ ಮುಖವನ್ನು. ಗೋಡೆ ಬಲೆಯ ಬಳಿ ಬಂದು ಬೆನ್ನ ಹಿಂದೆ ಕೈ ಕಟ್ಟಿ ನಿಂತರೆ ಸಾಕು, ಆಚೆ ಇದ್ದವರ ತುಟಿ ಅದುರುತ್ತಿತ್ತು, ಕೆನ್ನೆ ಕಂಪಿಸುತ್ತಿತ್ತು, ಕೆಲವರು ತಲೆ ತಗ್ಗಿಸಿ ಮರಳು ನೋಡುತ್ತಿದ್ದರು. "ನನ್ನ ಕಂಡ್ರೆ ಅಷ್ಟು ಭಯ," ಎಂದು ಗೋಡೆಯಕ್ಕ ಲಾಂಡ್ರಿಯಲ್ಲಿ ಹೇಳಿಕೊಂಡರೆ ಮಿಡತೆ ಹೊದಿಕೆಯ ಆಚೆ ತುದಿಯಲ್ಲಿ ಮುಖ ಮರೆಸಿಕೊಂಡು, "ಹೂಂ ಅಕ್ಕ, ಭಾರೀ ಭಯ" ಎನ್ನುತ್ತಿದ್ದಳು.

ಐದನೆಯ ಪಟ್ಟದ ವರ್ಷ ತಂತಿಯ ಜಗಳವಾಯಿತು. ಮಿಡತೆ ಒಣಗಿಸಿದ್ದ ಬಿಳಿ ಬಟ್ಟೆಗಳ ಪಕ್ಕದಲ್ಲೇ ಗೋಡೆಯಕ್ಕ ಗಂಡನ ಗ್ಯಾರೇಜಿನ ಅಂಗಿ ಹರವಿದಳು. ಅದರಿಂದ ಗ್ರೀಸು ಕಲಸಿದ ನೀರು ತೊಟ್ಟಿಕ್ಕಿತು.

"ಕಣ್ಣು ಕಾಣ್ಸಲ್ವಾ ಅಕ್ಕ? ಇಷ್ಟುದ್ದ ತಂತಿ ಇದೆ."

"ನಿನ್ನದೊಂದು ಕರ್ಚೀಫು ಹಾಕಿದ್ರೆ ಇಡೀ ತಂತಿ ನಿಂದಾಗುತ್ತಾ? ಎತ್ಕೋ ಅತ್ಲಾಗೆ."

"ಎತ್ಕೊಳ್ಳೋದೇನು, ನಾಳೆಯಿಂದ ನಿಮ್ಮ ಜೊತೆ ಮಾತೇ ಎತ್ತಲ್ಲ."

"ಪುಣ್ಯ ಬಂತು!"

ಅಲ್ಲಿಗೆ ಮಾತು ಬಿಟ್ಟರು. ಬಿಟ್ಟರೆಂದರೆ ಬಿಟ್ಟರು. ಲಾಂಡ್ರಿಯಲ್ಲಿ ಹೊದಿಕೆ ಮಡಚುವಾಗ ಒಬ್ಬಳು ಪೈಪು ನೋಡಿದರೆ ಇನ್ನೊಬ್ಬಳು ಗಡಿಯಾರ ನೋಡಿದಳು. ಮರಳಿನ ಮೇಲೆ ಮಾತ್ರ "ನಂದು", "ನಿಂದು" ಮತ್ತು "ಹೂಂ"ಗೆ ವಿನಾಯಿತಿ. ಹಿಂದೆಯೂ ಹೀಗಾದದ್ದುಂಟು. ಮೂರನೆಯ ಪಟ್ಟವನ್ನಂತೂ ಸೋಪಿನ ಡಬ್ಬಿಯ ವಿಚಾರಕ್ಕೆ ಪೂರ್ತಿ ಮೂಕರಾಗಿಯೇ ಗೆದ್ದಿದ್ದರು. ಮೊದಲು ಮಾತಾಡಿದವಳು ಸೋತಂತೆ ಎಂಬುದು ಅವರಿಬ್ಬರಲ್ಲಿ ಯಾರೂ ಹೇಳದೆ ಇಬ್ಬರೂ ಪಾಲಿಸುತ್ತಿದ್ದ ನಿಯಮ.

ಹೀಗೆಯೇ ಫೈನಲ್ ಬಂತು. ಎದುರಿಗೆ ಎಡಚಿ ಮತ್ತವಳ ಜೊತೆಗಾತಿ. ಎಡಗೈಯಲ್ಲಿ ಸಿಡಿಲಿನಂತೆ ಹೊಡೆಯುವ ಎಡಚಿ, ವರ್ಷ ವರ್ಷ ಇವರ ಕೈಯಲ್ಲೇ ಸೋತು ಹಲ್ಲು ಕಡಿಯುತ್ತಿದ್ದವಳು. ಬಿಸಿಲು ಮರಳನ್ನು ಹುರಿಯುತ್ತಿತ್ತು. ಮೊದಲ ಸೆಟ್ ಹೋಯಿತು, ಎರಡನೆಯದು ಬಂತು. ಬಿಡುವಿನಲ್ಲಿ ಕೊಡೆಯ ಕೆಳಗಿನ ಎರಡು ಕುರ್ಚಿಗಳಲ್ಲಿ ಇಬ್ಬರೂ ತಲೆಯ ಮೇಲೆ ಒದ್ದೆ ಟವೆಲ್ ಎಳೆದುಕೊಂಡು, ಒಬ್ಬಳು ಸಮುದ್ರದ ಕಡೆ, ಒಬ್ಬಳು ಊರಿನ ಕಡೆ ತಿರುಗಿ ಕೂತರು. ಅಂಕಣ ಬದಲಿಸುವಾಗ ಗೋಡೆ ಮುಂದೆ, ಮಿಡತೆ ಹಿಂದೆ. ಚೆಂಡು ಬಂದಾಗ ಚೆಂಡನ್ನು ನೋಡಿದರೇ ಹೊರತು ಮುಖ ನೋಡಲಿಲ್ಲ.

ಮೂರನೆಯ ಸೆಟ್ಟಿನಲ್ಲಿ ಬೆನ್ನ ಹಿಂದಿನ "ಹೂಂ" ಸಣ್ಣಗಾಯಿತು. ಗೋಡೆಗೂ ಕಿವಿಯಿರುತ್ತದೆ, ಆಕೆಗೆ ಅದು ಕೇಳಿಸಿತು. ಎಷ್ಟು ಕೊಬ್ಬು ಇವಳಿಗೆ, ಆಟದಲ್ಲೂ ಸಿಟ್ಟು ತೋರಿಸ್ತಾಳಲ್ಲ ಎಂದುಕೊಂಡಳು. ಅದಕ್ಕೆ ಮುಂದಿನ ಸನ್ನೆಯನ್ನು ಇನ್ನಷ್ಟು ಜೋರಾಗಿ, ಬೆರಳು ಮುರಿಯುವಂತೆ ಚಾಚಿ ತೋರಿಸಿದಳು.

ಕೊನೆಯ ಪಾಯಿಂಟಿನಲ್ಲಿ ಎಡಚಿ ನೇರ ಹೊಡೆದಳು. ಗೋಡೆ ಜಿಗಿದಳು. ಚೆಂಡು ಎಡಚಿಯ ಕಾಲಬುಡದಲ್ಲೇ ಬಿತ್ತು. ಜನ ಎದ್ದು ಕೂಗಿದರು. ತಿರುಗಿದರೆ ಮಿಡತೆ ಮರಳಿನ ಮೇಲೆ ಮೊಣಕಾಲೂರಿ ಕೂತಿದ್ದಳು. ಗೆದ್ದವರು ಹಾಗೆ ಕೂರುವುದು ವಾಡಿಕೆ. ಪದಕ ಹಾಕಿಸಿಕೊಳ್ಳುವಾಗ ನೆಟ್ಟಗೆ ನಿಂತಿದ್ದಳು. ಇಳಿದು ಬಂದು ನೀರಿನ ಕ್ಯಾನಿನ ಬಳಿ ಮೆಲ್ಲಗೆ ಅಂದಳು:

"ಅಕ್ಕ, ಸ್ವಲ್ಪ ಕೂತ್ಕೋತೀನಿ."

ಗೋಡೆಯಕ್ಕನ ಎದೆ ಆಗ ಹಿಗ್ಗಿದ್ದು ಪಟ್ಟಕ್ಕಾಗಿ ಅಲ್ಲ. ಮೊದಲು ಮಾತಾಡಿದ್ದು ಮಿಡತೆ! ಇದನ್ನೂ ಗೆದ್ದೆ ಎಂದುಕೊಂಡು, ಗೆದ್ದವಳ ಗತ್ತಿನಲ್ಲೇ ಹೇಳಿದಳು: "ಕೂತ್ಕೋ. ಯಾರು ಬೇಡ ಅಂದ್ರು?"

ಮಿಡತೆ ಕೂತಳು. ಏಳಲಿಲ್ಲ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಎಲ್ಲ ಮುಗಿಯಿತು. ಹೃದಯ ಎಂದರು. ಡಾಕ್ಟರು ಒಳ್ಳೆಯವರು, ಸಮಾಧಾನಕ್ಕೆಂದು ಹೆಗಲ ಮೇಲೆ ಕೈಯಿಟ್ಟು ಒಂದು ಮಾತು ಹೇಳಿದರು. "ನೋವು ಆಗ್ಲೇ ಶುರುವಾಗಿರಬೇಕು. ಒಂದು ಗಂಟೆ ಮುಂಚೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು." ಆ ಒಂದು ಗಂಟೆಯಲ್ಲಿ ಏನು ನಡೆದಿತ್ತೆಂಬುದು ಡಾಕ್ಟರಿಗೆ ಗೊತ್ತಿರಲಿಲ್ಲ. ಗೋಡೆಯಕ್ಕನ ಕೊರಳಲ್ಲಿ ಪದಕ ಇನ್ನೂ ನೇತಾಡುತ್ತಿತ್ತು.

ಆಮೇಲೆ ಆಕೆ ಆಡಲಿಲ್ಲ. ಹೊಸ ಜೊತೆ ಕೊಡುತ್ತೇವೆಂದು ಕ್ರೀಡಾ ಸಂಘದವರು ಮನೆ ಬಾಗಿಲಿಗೆ ಬಂದರು. ಅತ್ತೆಯೇ ಅವರನ್ನು ಹೊಸ್ತಿಲಲ್ಲಿ ತಡೆದು, "ಅವಳ ಹತ್ರ ಆಟದ ಮಾತು ಆಡಬೇಡಿ, ಚಹಾ ಕುಡಿದು ಹೊರಡಿ" ಎಂದಳು. ಲಾಂಡ್ರಿಯಲ್ಲೂ ಹೊಸ ಹೆಂಗಸೊಬ್ಬಳು ಹೊದಿಕೆಯ ತುದಿ ಹಿಡಿಯಲು ಬಂದಾಗ ಗೋಡೆಯಕ್ಕ ಬೇಡ ಎಂದು ತಲೆಯಾಡಿಸಿದಳು. ಬಾಗಿಲ ಪಕ್ಕ ಎರಡು ಕೊಕ್ಕೆ ಹೊಡೆಸಿಕೊಂಡು, ಎರಡು ತುದಿ ಅದಕ್ಕೆ ಸಿಗಿಸಿ, ಉಳಿದೆರಡನ್ನು ತಾನೇ ಹಿಡಿದು ಮಡಚಿದಳು. ಕೊಕ್ಕೆ ನಡೆದು ಬರುವುದಿಲ್ಲವಾದ್ದರಿಂದ ಪ್ರತಿ ಸಲವೂ ಈಕೆಯೇ ಪೂರ್ತಿ ದೂರ ನಡೆದು ಹೋಗಬೇಕಿತ್ತು. "ಇಡೀ ಲಾಂಡ್ರಿಯಲ್ಲಿ ದಿನಕ್ಕೆ ಹೆಚ್ಚು ಮೈಲಿ ನಡೆಯೋ ಹೆಂಗಸು" ಎಂದು ಮೇಸ್ತ್ರಿ ತಮಾಷೆ ಮಾಡಿ, ಯಾರೂ ನಗದಿದ್ದುದನ್ನು ಕಂಡು ಸುಮ್ಮನಾದ. ಮಹಡಿಯ ತಂತಿ ಈಗ ಪೂರ್ತಿ ಆಕೆಯದೇ. ಆಕೆ ಅರ್ಧಕ್ಕೆ ಮಾತ್ರ ಬಟ್ಟೆ ಹರವುತ್ತಿದ್ದಳು.

ವರ್ಷಗಳು ಹೋದವು. ಒಂದು ಸೋಮವಾರ ಮೈದುನ ಕಟಿಂಗ್ ಶಾಪಿನ ಬಾಗಿಲು ಅರ್ಧ ಎಳೆದು, ಅತ್ತಿಗೆಯನ್ನು ಕರೆಸಿ, ಗಿರಾಕಿಗಳ ಕುರ್ಚಿಯಲ್ಲೇ ಕೂರಿಸಿದ. ತಾನು ನಿಂತುಕೊಂಡು, ಯಾರ ತಲೆಯೂ ಇಲ್ಲದೆ ಸುಮ್ಮನೆ ಕತ್ತರಿ ಕಚಕಚ ಅನ್ನಿಸಿದ.

"ಅತ್ತಿಗೆ, ಔಷಧಿ ಅಂಗಡೀಲಿ ಇದಾರಲ್ಲ... ಅವರು ನನ್ನ ಮದುವೆಯಾಗೋಕೆ ಒಪ್ಪಿದಾರೆ. ನಾನೂ ಹೂಂ ಅಂದಿದೀನಿ."

"ಒಳ್ಳೇದಾಯ್ತಲ್ಲೋ. ಇದಕ್ಕೆ ಇಷ್ಟು ನಾಚಿಕೆ ಯಾಕೆ? ಕತ್ತರಿ ಕೆಳಗಿಡು, ನನ್ನ ಕಿವಿ ಹೋಗುತ್ತೆ."

ಆತ ನಗಲಿಲ್ಲ. ಕನ್ನಡಿಯಲ್ಲಿ ಆಕೆಯನ್ನು ನೋಡುತ್ತ ಕೇಳಿದ: "ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಕೇಳದೆ ಅವರ ಮನೇಗೆ ಹೋಗೋಕೆ ನನ್ನ ಕೈಲಿ ಆಗ್ತಿಲ್ಲ. ಅವತ್ತು ಆಡ್ತಿರೋವಾಗ ಅವಳು ನಿಮ್ಮನ್ನ ಕರೆದಿದ್ಲಾ?"

ಗೋಡೆಯಕ್ಕ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡಳು. ಆರು ವರ್ಷ ಆಕೆ ಹೊದಿಕೆಗಳ ನಡುವೆ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. "ನನಗೆ ಗೊತ್ತಿಲ್ಲ ಕಣೋ," ಎಂದಳು. "ನಾನು ನೋಡ್ಲಿಲ್ಲ. ಕೇಳ್ಕೊಂಡು ಬಂದು ಹೇಳ್ತೀನಿ."

"ಯಾರನ್ನ ಕೇಳ್ತೀರಿ?"

ಯಾರನ್ನೆಂದು ಯೋಚಿಸಬೇಕಾಗಿರಲಿಲ್ಲ. ಮಿಡತೆಯ ಮುಖ ಆ ದಿನ ಉದ್ದಕ್ಕೂ ಎದುರಿಗೆ ಕಂಡವರು ಇಬ್ಬರೇ, ಬಲೆಯ ಆಚೆಯವರು. ಅವರಲ್ಲಿ ಎಡಚಿ ಪಕ್ಕದ ಪಟ್ಟಣದ ಮುನಿಸಿಪಾಲಿಟಿ ಈಜುಕೊಳದಲ್ಲಿ ಈಜು ಕಲಿಸುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು.

ಗೋಡೆಯಕ್ಕ ಮರುದಿನ ಮೊದಲ ಬಸ್ಸು ಹತ್ತಿದಳು. ಕೊಳದ ಒಳಗೆ ಕ್ಲೋರಿನ್ ಮೂಗಿಗೆ ಹೊಡೆಯಿತು. ಎದೆಮಟ್ಟದ ನೀರಿನಲ್ಲಿ ಬಣ್ಣದ ಟೋಪಿ ತೊಟ್ಟ ಏಳೆಂಟು ಮುದುಕಿಯರು ತೇಲುವ ಹಲಗೆ ಹಿಡಿದು ಕಾಲು ಬಡಿಯುತ್ತಿದ್ದರು. ದಡದಲ್ಲಿ ಸೀಟಿ ಕಚ್ಚಿಕೊಂಡು ನಿಂತಿದ್ದ ಎಡಚಿ ತಲೆಯೆತ್ತಿ ನೋಡಿದಳು. ಸೀಟಿ ಬಾಯಿಂದ ಜಾರಿತು.

"ಬರ್ತೀರ ಅಂತ ಗೊತ್ತಿತ್ತು," ಎಂದಳು. "ಇಷ್ಟು ತಡ ಮಾಡ್ತೀರ ಅಂತ ಗೊತ್ತಿರ್ಲಿಲ್ಲ."

ಒದ್ದೆ ಬೆಂಚಿನ ಮೇಲೆ ಇಬ್ಬರೂ ಕೂತರು. ಹತ್ತು ವರ್ಷ ಬಲೆಯ ಎರಡು ಕಡೆ ನಿಂತವರಿಗೆ ಅಕ್ಕಪಕ್ಕ ಕೂರಲು ಬರುತ್ತಿರಲಿಲ್ಲ. ಮೊಣಕೈ ತಾಗಿ ಇಬ್ಬರೂ ಸರಿದರು.

"ಅವಳ ಮುಖ ಹೇಗಿತ್ತು ಹೇಳಮ್ಮ," ಎಂದಳು ಗೋಡೆಯಕ್ಕ.

"ಯಾವತ್ತು? ಅವತ್ತಾ, ಉಳಿದ ದಿನಾನಾ?"

"ಉಳಿದ ದಿನ ಏನಿತ್ತು?"

ಎಡಚಿ ಆಕೆಯನ್ನು ಬೆರಗಿನಿಂದ ನೋಡಿದಳು. "ನಿಮಗೆ ನಿಜವಾಗ್ಲೂ ಗೊತ್ತಿಲ್ವಾ? ನೀವು ಬೆನ್ನ ಹಿಂದೆ ಬೆರಳು ತೋರಿಸಿದ ತಕ್ಷಣ ಅವಳು ನಿಮಗೊಂದು ಸೆಲ್ಯೂಟ್ ಹೊಡೀತಿದ್ಲು. ಕೆನ್ನೆ ಉಬ್ಬಿಸಿ, ಎದೆ ಮುಂದೆ ಮಾಡಿ, ನೀವು ನಡೆಯೋ ಹಾಗೇ ಎರಡು ಹೆಜ್ಜೆ ನಡೆದು ತೋರಿಸ್ತಿದ್ಲು. ಒಂದ್ಸಲ ನಿಮ್ಮ ಜಡೆಗೆ ಕೈ ಮುಗಿದ್ಲು. ನಮಗೆ ನಗು ತಡೆಯೋಕಾಗ್ದೆ ಸರ್ವ್ ಎತ್ತೋಕೇ ಆಗ್ತಿರ್ಲಿಲ್ಲ. ನಗೋ ಹಾಗಿಲ್ಲ, ನೀವು ಎದುರಿಗೆ ದುರುಗುಟ್ಕೊಂಡು ನಿಂತಿರ್ತಿದ್ರಿ! ಅದರಲ್ಲೇ ಎಷ್ಟು ಪಾಯಿಂಟ್ ಕಳ್ಕೊಂಡಿದೀವೋ."

ಗೋಡೆಯಕ್ಕನ ಬಾಯಿ ತೆರೆದುಕೊಂಡಿತು. ನಾಲ್ಕು ಪಟ್ಟಗಳ ಭಯಂಕರ ಕೀರ್ತಿ ಆ ಒದ್ದೆ ಬೆಂಚಿನ ಮೇಲೆ ಕುಸಿದು ಬಿತ್ತು. ನಗು ಬಂತು. ಎಷ್ಟೋ ವರ್ಷದಿಂದ ಬಾರದ ನಗು, ಬಂದದ್ದೇ ಹೊಟ್ಟೆ ಹಿಡಿಸಿತು. ಮುದುಕಿಯರು ಕಾಲು ನಿಲ್ಲಿಸಿ ನೋಡಿದರು. ಯಾವಾಗ ಅದು ಅಳುವಾಯಿತೆಂದು ಆಕೆಗೇ ತಿಳಿಯಲಿಲ್ಲ.

"ಟೀಚರ್, ಕಾಲು ಆಡಿಸ್ಲಾ, ನಿಲ್ಲಿಸ್ಲಾ?" ಎಂದು ಹಳದಿ ಟೋಪಿಯ ಅಜ್ಜಿ ಕೂಗಿದಳು.

"ಆಡಿಸಿ ಅಜ್ಜಿ, ಆಡಿಸ್ತಾ ಇರಿ."

ಗೋಡೆಯಕ್ಕ ಮುಖ ಒರೆಸಿಕೊಂಡಳು. "ಈಗ ಅವತ್ತಿಂದು ಹೇಳು."

ಎಡಚಿ ಸೀಟಿಯ ದಾರವನ್ನು ಬೆರಳಿಗೆ ಸುತ್ತಿದಳು. "ಅವತ್ತು ಅಣಕಿಸ್ಲಿಲ್ಲ. ಎರಡನೇ ಸೆಟ್ಟಿಂದಾನೇ ಕೈ ಇಲ್ಲಿ ಇಟ್ಕೊಂಡಿದ್ಲು," ಎಂದು ಎಡ ಕಂಕುಳ ಕೆಳಗೆ ಒತ್ತಿ ತೋರಿಸಿದಳು. "ಮೂರನೇದ್ರಲ್ಲಿ ತುಟಿ ಬೆಳ್ಳಗಾಗಿತ್ತು. ಏನೋ ಸರಿ ಇಲ್ಲ ಅಂತ ನಾನು ರೆಫ್ರಿ ಕಡೆ ಕೈ ಎತ್ತಿದೆ. ಅವಳು ಬೇಡ ಬೇಡ ಅಂತ ತಲೆ ಆಡಿಸಿದ್ಲು. ನಿಮ್ಮ ಬೆನ್ನಿನ ಕಡೆ ತೋರಿಸಿ, ತುಟಿ ಮೇಲೆ ಬೆರಳಿಟ್ಲು. ಹೇಳ್ಬೇಡ ಅಂತ. ನಾನು ಕೈ ಇಳಿಸಿದೆ."

"ಕರೆದ್ಲಾ?"

ನೀರು ಬಡಿಯುವ ಸದ್ದು ಛಾವಣಿಗೆ ತಾಗಿ ಮರಳಿ ಬರುತ್ತಿತ್ತು.

"ಕೊನೇ ಸರ್ವ್‌ಗೆ ಮುಂಚೆ ಒಂದ್ಸಲ. 'ಅಕ್ಕಾ' ಅಂದ್ಲು. ಸದ್ದು ಹೊರಡ್ಲಿಲ್ಲ, ಬಾಯಿ ಆಡಿದ್ದು ಅಷ್ಟೇ. ಅಷ್ಟರಲ್ಲಿ ನೀವು ಒಂದು ಬೆರಳು ತೋರಿಸಿದ್ರಿ. ಹೂಂ ಅಂದು ಚೆಂಡು ಎತ್ಕೊಂಡ್ಲು."

ಗೋಡೆಯಕ್ಕ ಮಡಿಲಲ್ಲಿದ್ದ ಚೀಲದ ಮೂಲೆಗಳನ್ನು ಜೋಡಿಸಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಎಡಚಿಗೆ ಅದನ್ನು ನೋಡುತ್ತ ಕೂರಲಾಗಲಿಲ್ಲ. ಆಕೆಯದೂ ಒಂದು ಪ್ರಶ್ನೆಯಿತ್ತು; ಅದನ್ನು ಆಕೆಯೂ ಅಷ್ಟೇ ವರ್ಷ ನುಂಗಿಕೊಂಡಿದ್ದಳು.

"ಒಂದು ಕೇಳ್ತೀನಿ, ಮುಚ್ಚಿಡ್ದೆ ಹೇಳ್ಬೇಕು ಅಕ್ಕ. ಅವತ್ತು ನಾನು ಅವಳ ಮಾತು ಕೇಳ್ದೆ ನಿಮಗೆ ಹೇಳಿಬಿಟ್ಟಿದ್ರೆ, ನೀವು ಆಟ ನಿಲ್ಲಿಸ್ತಿದ್ರಾ?"

ಗೋಡೆಯಕ್ಕ ಮಡಚಿದ ಚೀಲವನ್ನು ಮಡಿಲಿಗೆ ಒತ್ತಿ ಹಿಡಿದಳು.

"ಗೊತ್ತಿಲ್ಲ ಕಣಮ್ಮ," ಎಂದಳು. "ಒಂದು ಪಾಯಿಂಟ್ ಮುಂದಿದ್ವಲ್ಲ."